ಐದು ಅಕ್ಷರ, ಯು ಬರಬೇಕು

ಶಹಾಬಜಾರ್ ನಾಕಾದಿಂದ ರಿಂಗ್ ರೋಡಿಗಿ
ಬೇಕರಿ ಎತ್ತಿಕೊಂಡು ಹೋಗುಮುಂದ
ಖೈರುನ್ನಿಸಾ ಬೂಬು ಹಳೇ ಬೋರ್ಡಿನ ಅಕ್ಷರ
ನನಗ ಬಿಟ್ಟುಹೋದಳು.
ಗುಲ್ನಾರ್ ಬೇಕರಿ.
ಗುಲ್ನಾರ್ ಅಂದ್ರ ದಾಳಿಂಬ್ರಿ ಹೂವಂತ, ಆಕಿನೇ ಹೇಳಿದ್ದು.
ಇಂಗ್ಲಿಷಿನಾಗ ಹನ್ನೆರಡಕ್ಷರ, ಕೆಂಪು ಪ್ಲಾಸ್ಟಿಕ್ಕು.
ಗ್ವಾಡಿಯಿಂದ ಕೀಳುಮುಂದ ಆರು ಮುರದ್ವು,
ಆರು ಉಳದ್ವು: ಯು, ಎಲ್, ಎರಡು ಎ,
ಆ ಆರರಾಗ ಮತ್ತ ಎರಡು ಆರ್.

ಯಾಕೂಬ್ ಪೇಂಟರ್ ಟೇಪ್ ಹಿಡಿದು ನೋಡಿದ.
‘ಅರ್ಧ ಅಂಗಡಿ ನಿಂದು, ಐದೇ ಹಿಡಸ್ತಾವ.
ಹೊಸಾದು ಬೇಕಂದ್ರ ಅಕ್ಷರಕ್ಕ ನೂರಾ ಎಂಬತ್ತು.
ಇದ್ದದ್ರಾಗ ಒಂದು ಶಬ್ದ ಹುಡುಕು,
ಮೊಳಿ ಹೊಡ್ಯೂದು ನನ್ನ ಕಡಿಂದ.’

ನೂರಾ ಎಂಬತ್ತು ಅಂದ್ರ ಹದಿನೆಂಟು ರೊಟ್ಟಿ.
‘ರೊಟ್ಟಿ’ ಅಂತನೇ ಬರಿಸೋಣಂದ್ರ
ನಮ್ಮಲ್ಲಿ ಎರಡಕ್ಷರ, ಅವರಲ್ಲಿ ಐದು,
ಆ ಐದರಾಗ ನನ್ನ ಹತ್ರ ಇದ್ದದ್ದು ಒಂದೇ.
‘ಜೋಳ’ ಅಂದ್ರ ಜೆ ಬೇಕು.
ಜೆ ಯಾವ ಬೇಕರ್ಯಾಗ ಸಿಗ್ತದ?

ಓಣಿ ಹುಡುಗಿ ನೀಲಾಂಬಿಕಾ, ಏಳನೇ ಇಯತ್ತಾ,
ಸಾಲಿ ಡಿಕ್ಷನರಿ ತಂದು ಪರ್ಸಿ ಮ್ಯಾಲ ಕುಂತಳು.
ಪರಾತದ ಹಿಟ್ಟಿನಾಗ ಬೆರಳಿಲೆ ಬರೀತಾಳ, ಅಳಸ್ತಾಳ.
‘ಐದಕ್ಷರ. ಯು ಬರಬೇಕು. ಎಲ್ ಬರಬೇಕು.
ಇಲ್ಲದ್ದು ಯಾವದೂ ಬರಬಾರದು.’
ತೊಗರ್ಯಾಗಿನ ಹಳ್ಳು ಆರಿಸಿದಂಗ
ಹಾಳಿ ಹಾಳಿ ಮೊರದಾಗ ಹಾಕಿ ಕೇರ್ತಾಳ.

ಮೊದಲ ಸಿಕ್ಕಿದ್ದು ಔರಾ. ನಾಕೇ.
ಮನಷ್ಯಾನ ಸುತ್ತ ಇರೂ ಬೆಳಕಂತ ಅದು.
ಒಂದು ಡಿ ಇದ್ದಿದ್ರ ಔರಾದ ಆಗ್ತಿತ್ತು,
ನಮ್ಮಕ್ಕನ್ನ ಕೊಟ್ಟ ಊರು.
ನೋಡಿ ಮೂರು ವರ್ಷ ಆತು ಆಕೀನ್ನ.

ಆಮ್ಯಾಲ ರೂರಲ್. ಐದು! ಹುಡುಗಿ ಜಿಗದಾಡಿದಳು.
‘ಹಳ್ಳಿದು ಅಂತ ಅರ್ಥ, ಚಂದಮ್ಮಾಯಿ, ಛಲೋ ಅದ.’
ಜೇವರ್ಗಿ ಕಡಿಂದ ಗಂಟು ಹೊತ್ತು ಬಂದು
ಹನ್ನೊಂದು ವರ್ಷ ಆದ್ವು ನನಗ.
ಬಿಟ್ಟು ಬಂದದ್ದಕ್ಕ ಹಣಿ ಮ್ಯಾಲ ಮೊಳಿ ಹೊಡಿಸಿಕೊಳ್ಲೇನು?
ಮ್ಯಾಲ ಮಂದಿ ಬ್ಯಾಂಕಂತ ತಿಳದು
ಪಾಸ್‌ಬುಕ್ ಹಿಡಕೊಂಡು ನಿಂತ್ರ
ನಾ ಕೊಡೂದೇನು, ಶೇಂಗಾ ಹಿಂಡಿ?

ಆಮ್ಯಾಲ ಔರಲ್. ಅದೂ ಐದು.
‘ಕಿವಿಗಿ ಸಂಬಂಧಪಟ್ಟಿದ್ದು.’
ಬ್ಯಾಡ. ಕಿವಿ ಸೋರೂ ಕೂಸುಗಳ್ನ ಎತ್ತಿಕೊಂಡು
ತಾಯಂದಿರು ಪಾಳಿ ಹಚ್ತಾರ.

ಹುಡುಗಿ ಪುಸ್ತಕ ಮುಚ್ಚಿದಳು.
ಪಂಚಮಿ ಆರ್ಡರ್ ಇತ್ತು, ನಾ
ಕಾದ ಉಸುಕಿನಾಗ ಜೋಳ ಹಾಕಿ
ಬಲಗೈಲೆ ತಿರುವಿಕೋತ
ಎಡಗೈಲೆ ಆ ಕೆಂಪು ಅಕ್ಷರ ಸರಸ್ತಿದ್ದೆ.
ನನಗೇನು ಓದಾಕ ಬರ್ತದೇನು,
ಎ ಅಂದ್ರ ನಿಂತ ಏಣಿ,
ಯು ಅಂದ್ರ ಬಾಯಿ ತೆರದ ಕೊಡ,
ಎಲ್ ಅಂದ್ರ ಕಾಲು ಚಾಚಿ ಕುಂತಾಕಿ.
ಹಿಂಗಿಟ್ಟೆ. ‘ಓದು.’ ‘ಇಲ್ಲ.’
ಹಂಗಿಟ್ಟೆ. ‘ಓದು.’
‘ಇದೂ ಡಿಕ್ಷನರ್ಯಾಗ ಇಲ್ಲ, ಆಯಿ.’
‘ಇಲ್ಲದ್ರ ಇರವಲ್ದ್ಯಾಕ. ನೀ ಓದು.’
‘ಅ... ರ... ಲು.’
‘ನಾಲಿಗಿ ಹಿಂದಕ್ಕ ಮಡಚು.’
ಮಡಚಿದಳು.

ಅಷ್ಟರಾಗ ಬಾಣಲ್ಯಾಗ ಒಂದು ಕಾಳು ಚಟ್ಟಂತು,
ಅದರ ಹಿಂದ ಹತ್ತು,
ಮುಚ್ಚಾಕ ತಟ್ಟಿ ಎಲ್ಲದ ಅಂತ ಹುಡುಕೂದ್ರಾಗ
ಪರ್ಸಿ ತುಂಬ ಬೆಳ್ಳಗ.

ಯಾಕೂಬ್ ಮೊಳಿ ಬಾಯಾಗ ಹಿಡಕೊಂಡೇ ಕೇಳ್ದ,
‘ಸ್ಪೆಲ್ಲಿಂಗ್ ಬರೋಬರ್ ಅದ ಏನು?’
ಮೊಳಿ ತಗಸಿ ಒಂದು ಮುಟಿಗಿ ಹಾಕ್ದೆ ಬಾಯಿಗಿ.
ಜಗದ. ಮತ್ತೇನೂ ಕೇಳಲಿಲ್ಲ.

ಬಸ್ಸಿನಾಗ ಹೋಗೂ ಮಂದಿ ಕಿಡಕ್ಯಾಗಿಂದ
‘ಅರಾಲೂ’ ಅಂತ ಓದ್ತಾರ,
ಯಾವದೋ ಹೊರಗಿನ ಕಂಪನಿ ಅಂತ ತಿಳೀತಾರ.
ತಿಳೀಲಿ.

ಒಂದು ಆರ್ ಉಳದದ.
ಉದ್ರಿ ಚೀಟಿ ಹಾರಬಾರದಂತ ಮ್ಯಾಲ ಇಟ್ಟೀನಿ.
ಫ್ಯಾನ್ ಹಚ್ಚಿದಾಗೆಲ್ಲ
ಅದು ಒಂದು ಕಾಲು ಅಲುಗಾಡಸ್ತದ.